ಜೀನಖಾನೆಯ ಹಾಜರಿ

ಕಾಲೇಜಿನ ಮೂರು ವರ್ಷ ಗೌತಮ ತರಗತಿಯಲ್ಲಿ ಕೂತದ್ದಕ್ಕಿಂತ ನವನಗರದ ಚಹಾದಂಗಡಿಯಲ್ಲಿ ಕೂತದ್ದೇ ಹೆಚ್ಚು. ಆದರೂ ಅವನ ಹಾಜರಿ ನೂರಕ್ಕೆ ತೊಂಬತ್ತೊಂದು. ಅದು ಪೂರ್ತಿ ನನ್ನ ಗಂಟಲಿನ ದುಡಿಮೆ. ಉಪನ್ಯಾಸಕರು ‘ಗೌತಮ’ ಎಂದಾಗ ಹಿಂದಿನ ಬೆಂಚಿನಿಂದ ಅವನ ದಪ್ಪ ಧ್ವನಿಯಲ್ಲಿ ಒಂದು ‘ಎಸ್ ಸರ್’, ಆರು ಹೆಸರು ಕಳೆದು ‘ನಾಗಲಿಂಗ’ ಎಂದಾಗ ನನ್ನ ತೆಳು ಧ್ವನಿಯಲ್ಲಿ ಇನ್ನೊಂದು. ಹೀಗೆ ಅವನು ಪದವೀಧರನಾದ, ನಾನು ಪದವೀರನಾದೆ.

ಆ ಪದವಿಯ ಬಲದ ಮೇಲೆ ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಇಬ್ಬರೂ ತಬಸುಮ ಮೇಡಂ ಕೈಕೆಳಗೆ ಆರು ದಿನದ ಕೆಲಸಕ್ಕೆ ಸೇರಿದೆವು. ತಬಸುಮ ಬಾದಾಮಿಯವರು. ಹಳೆಯ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, ಸರಕಾರ ಅವನ್ನು ಉಳಿಸಿಕೊಳ್ಳುವಂತೆ ವರದಿ ಕೊಡುವುದು ಅವರ ಉದ್ಯೋಗ. ಈ ಸಲ ಅಳೆಯಬೇಕಾದದ್ದು ಕಮತಗಿಗೂ ಅಮೀನಗಡಕ್ಕೂ ನಡುವೆ, ಹೆದ್ದಾರಿ ಬಿಟ್ಟು ಒಳಗೆ, ಒಂದು ಕಲ್ಲುಗುಡ್ಡದ ಮೇಲೆ ಕೂತಿದ್ದ ಸೇನಾ ಸಾಮಗ್ರಿಗಳ ಹಳೆಯ ಕೋಠಿ. ಕಾಗದದಲ್ಲಿ ಅದಕ್ಕೆ ‘ಮಿಲಿಟರಿ ಇಕ್ವಿಪ್‌ಮೆಂಟ್ ಡಿಪೋ’ ಎಂಬ ದೊಡ್ಡ ಹೆಸರು. ಸುತ್ತಲಿನವರ ಬಾಯಲ್ಲಿ ಬರೀ ಜೀನಖಾನಿ. ಕುದುರೆಯ ಜೀನು, ಡೇರೆ, ನೀರಿನ ಚರ್ಮದ ಚೀಲ, ಒಳಕೋಣೆಯಲ್ಲಿ ಮದ್ದು, ಎಲ್ಲವೂ ಇಲ್ಲಿಂದಲೇ ದಂಡಿಗೆ ಹೋಗುತ್ತಿದ್ದವಂತೆ.

ಸೋಮವಾರ ಬೆಳಿಗ್ಗೆ ಬಾಗಿಲ ಮುಂದೆ ನಿಂತು, “ಜೀನಖಾನಿಗೆ ಜೀನ್ಸ್ ಹಾಕ್ಕೊಂಡು ಬಂದೇವಿ. ಇತಿಹಾಸಕ್ಕ ಇದಕ್ಕಿಂತ ಮರ್ಯಾದಿ ಏನ ಬೇಕು?” ಎಂದೆ.

ತಬಸುಮ ನಗಲಿಲ್ಲ. “ಮೊದ್ಲ ಚಪ್ಪಲಿ ಬಿಡು,” ಎಂದರು.

ಗುಡಿಯಲ್ಲ, ಮಸೂತಿಯಲ್ಲ, ಚಪ್ಪಲಿ ಯಾಕೆ ಬಿಡಬೇಕು? ಅವರು ಬಾಗಿಲಿನ ಮೇಲೆ ಕೈಯಾಡಿಸಿ ತೋರಿಸಿದರು. ಆಳೆತ್ತರದ ಸಾಗವಾನಿ ಬಾಗಿಲು. ಒಂದೇ ಒಂದು ಕಬ್ಬಿಣದ ಮೊಳೆಯಿಲ್ಲ. ಎಲ್ಲ ತಾಮ್ರದ್ದು. ಒಳಗೆ ನೆಲವೂ ಕಲ್ಲಿನದಲ್ಲ, ಮರದ ಹಲಗೆ, ಮರದ್ದೇ ಗೂಟಗಳಿಂದ ಬಿಗಿದದ್ದು. ಕಬ್ಬಿಣ ಕಲ್ಲಿಗೆ ತಾಗಿದರೆ ಕಿಡಿ. ಮದ್ದಿರುವಲ್ಲಿ ಒಂದು ಕಿಡಿ ಸಾಕು. ಲಾಳ ಹೊಡೆದ ಬೂಟಿನ ಸಿಪಾಯಿ ಕೂಡ ಇಲ್ಲಿ ಬರಿಗಾಲಲ್ಲೇ ನಡೆಯಬೇಕಿತ್ತು. ಗಾಳಿಕಿಂಡಿಗಳು ಸಹ ನೇರವಾಗಿರಲಿಲ್ಲ. ನಾಲ್ಕೂವರೆ ಅಡಿ ದಪ್ಪದ ಗೋಡೆಯೊಳಗೆ ಮೊಣಕೈಯಂತೆ ಬಾಗಿದ್ದವು. ಗಾಳಿ ತಿರುವಿ ಒಳಗೆ ಬರುತ್ತದೆ, ಕಿಡಿ ತಿರುವಲಾರದೆ ಸಾಯುತ್ತದೆ.

“ಅಡಿಪಾಯ ಪೇಶವೆಯವರ ಕಾಲದ್ದು, ಕಮಾನು ಕಂಪನಿ ಸರಕಾರದ್ದು, ಮ್ಯಾಲಿನ ತಗಡು ಎರಡನೇ ಮಹಾಯುದ್ಧದ್ದು,” ಎಂದರು ತಬಸುಮ. “ಕೆಳಗ ಇಲಕಲ್ಲಿನ ಗುಲಾಬಿ ಕಲ್ಲು, ಮ್ಯಾಲ ನಮ್ಮ ಬಾದಾಮಿ ಕೆಂಪು ಕಲ್ಲು. ಎರಡೂ ಒಂದ ಗೋಡಿಯೊಳಗ ಹಿಂಗ ಕೂಡಿದ್ದನ್ನ ನಾ ಬ್ಯಾರೆ ಎಲ್ಲೂ ನೋಡಿಲ್ಲ.”

ಹನ್ನೆರಡು ಕಮಾನುಗಳು ಒಂದರ ಹಿಂದೊಂದು ಕತ್ತಲೆಗೆ ಹೋಗಿದ್ದವು. “ಕಮಾನು ಅಂದ್ರ ‘ಕಮ್ ಆನ್’ ಅಂತ ಕರಿಯಾಕತ್ತಾವ ನೋಡಲೇ,” ಎಂದೆ ಗೌತಮನಿಗೆ. ಅವನು ನಕ್ಕ. ಒಳಗೆ ಹೋದ ಮೇಲೆ ಇಬ್ಬರ ನಗೆಯೂ ಆರಿತು. ಗೋಡೆಯುದ್ದಕ್ಕೂ ಸಾಲಾಗಿ ಮರದ ಕುದುರೆಗಳು ನಿಂತಿದ್ದವು. ಜೀನು ಹೊಲಿಯುವಾಗ, ಒಣಗಿಸುವಾಗ ಅದನ್ನು ಹಾಕಿಡಲು ಮಾಡಿಸಿದ ಮರದ ಬೆನ್ನುಗಳು ಅವು. ತಲೆ ಇಲ್ಲ, ಬಾಲ ಇಲ್ಲ, ಬರೀ ಬೆನ್ನು ಮತ್ತು ಕೆಳಗೆ ನಾಲ್ಕು ಗೂಟ. ಒಂದೊಂದಕ್ಕೂ ಒಂದು ನಂಬರು. ನಲವತ್ತೆರಡು ಕುದುರೆಗಳಲ್ಲಿ ನಲವತ್ತೊಂದರ ಮೇಲೆ ಬೆರಳು ದಪ್ಪ ಧೂಳಿತ್ತು. ಕೊನೆಯ ಒಳಕೋಣೆಯ ಇಪ್ಪತ್ತೇಳನೆಯದರ ಮೇಲೆ ಮಾತ್ರ ಇರಲಿಲ್ಲ. ಅದು ಯಾರೋ ದಿನಾ ಹತ್ತಿ ಇಳಿಯುವ ಸೈಕಲ್ ಸೀಟಿನಂತೆ ಮಿರುಗುತ್ತಿತ್ತು.

ಈ ಎಲ್ಲದರ ಕಾವಲುಗಾರ ಪಾಂಡಪ್ಪ. ಎಪ್ಪತ್ತು ದಾಟಿದ, ಬಿಳಿ ಟೊಪ್ಪಿಗೆಯ, ಮಾತು ಕಡಿಮೆಯ ಮನುಷ್ಯ. ಅವರಿಗಿಂತ ಮುಂಚೆ ಅವರ ಅಪ್ಪ ಇದೇ ಬಾಗಿಲು ಕಾದವರು. ಕೊರಳಲ್ಲಿ ಹಿತ್ತಾಳೆಯ ದೊಡ್ಡ ಬೀಗದಕೈ, ಅದಕ್ಕೊಂದು ಕಪ್ಪು ಚರ್ಮದ ಪಟ್ಟಿ. ಒಳಗೆ ಹೋಗುವಾಗ ಅವರಿಗೆ ಹೆಸರು ಹೇಳಬೇಕು. ಸಂಜೆ ಬಾಗಿಲು ಹಾಕುವಾಗ ಅವರು ಆ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಹೆಸರಿನವನು ಅಂಗಳದಿಂದ ‘ಹೊರಗ’ ಎನ್ನಬೇಕು. ಎಲ್ಲರೂ ‘ಹೊರಗ’ ಎಂದ ಮೇಲೆಯೇ ಅಗುಳಿ ಬೀಳುವುದು. ಮದ್ದಿನ ಕೋಠಿಯಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳಬಾರದೆಂದು ಯಾವುದೋ ಕಾಲದ ಸಾಹೇಬ ಮಾಡಿದ ನಿಯಮವಂತೆ. ಸಾಹೇಬ ಹೋದ, ಮದ್ದೂ ಹೋಯಿತು, ನಿಯಮ ಮಾತ್ರ ಪಾಂಡಪ್ಪನವರ ಗಂಟಲಲ್ಲಿ ಉಳಿದಿತ್ತು.

“ನಾವೇನ ಇಲ್ಲೇ ನಿಂತೇವಲ್ಲ ಕಾಕಾ, ಕಣ್ಣೀಲೆ ನೋಡಿದ್ರ ಆತು. ಕೂಗೂದ್ಯಾಕ?” ಎಂದೆ.

“ಕೂಗಾಂವ ಹೊರಗ ನೋಡಬಾರದು ತಮ್ಮಾ. ಕಣ್ಣು ಒಳಗ ಇರಬೇಕು, ಕಿವಿ ಹೊರಗ ಇರಬೇಕು. ಒಳಗ ಏನರ ಅಳ್ಳಾಡಿದ್ರ ಕಣ್ಣಿಗೆ ಬೀಳತೈತಿ.”

ಅವರು ನಮಗೆ ಬೆನ್ನು ಹಾಕಿ, ಕತ್ತಲೆಗೆ ಮುಖ ಮಾಡಿ ನಿಂತರು. ಮೊದಲು ಕೂಗಿದ್ದು ನಮ್ಮ ಯಾರ ಹೆಸರೂ ಅಲ್ಲ.

“ಅಂದಾನಪ್ಪಾ!”

ಹೆಸರು ಹನ್ನೆರಡು ಕಮಾನು ದಾಟಿ ಹೋಗಿ, ತಿರುಗಿ ಬಂತು. ಪಾಂಡಪ್ಪ ಕಾದರು. ನಾನು ಗೌತಮನ ಮುಖ ನೋಡಿದೆ, ಅವನು ಮೇಡಂ ಮುಖ ನೋಡಿದ. ಅಂಗಳದಲ್ಲಿ ಇದ್ದದ್ದು ನಾವು ಮೂರೇ ಜನ. ಯಾರೂ ಉತ್ತರಿಸದ ಮೇಲೆ ಪಾಂಡಪ್ಪ ಒಂದು ಉಸಿರು ಬಿಟ್ಟು ಮುಂದಿನ ಹೆಸರಿಗೆ ಹೋದರು.

“ತಬಸುಮಕ್ಕಾ!”

“ಹೊರಗ ಅದೇನ್ರಿ.”

“ಗೌತಮಾ!”

“ಹೊರಗರಿ.”

“ನಾಗಲಿಂಗಾ!”

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಹುನಗುಂದ ಬಸ್ಸಿನ ಕಂಡಕ್ಟರನ ಗಂಟಲು ತೆಗೆದೆ. “ಹೊರ‍್ರಗ ಹೊರ‍್ರಗ! ಅಮೀನಗಡ, ಹುನಗುಂದ, ಇಲಕಲ್ಲ, ಲಗೂ ಹತ್ರೀ!”

ಪಾಂಡಪ್ಪನವರ ಹೆಗಲು ಸ್ವಲ್ಪ ಅಲುಗಿತು. ನಕ್ಕರೆಂದು ಕಾಣುತ್ತದೆ. ಅಗುಳಿ ಬಿತ್ತು.

“ಅಂದಾನಪ್ಪ ಯಾರ್ರಿ ಕಾಕಾ?” ಗುಡ್ಡ ಇಳಿಯುವಾಗ ಕೇಳಿದೆ.

“ಕಮತಗಿಯಂವ. ಜೀನು ಹೊಲಿಯಾಂವ.” ಅವರು ಕೊರಳಿನ ಪಟ್ಟಿ ಎತ್ತಿ ತೋರಿಸಿದರು. “ಇದು ಅವನ ಹೊಲಿಗಿ. ಎರಡು ಸೂಜಿ, ಒಂದ ದಾರ, ದಾರಕ್ಕ ಮೇಣ. ಎಂಬತ್ತು ವರ್ಷದಾಗ ಒಂದ ಎಳಿ ಬಿಟ್ಟಿಲ್ಲ ನೋಡು.”

“ಈಗ ಎಲ್ಲಿ ಅದಾನ?”

“ಒಳಗ.”

ಅಷ್ಟು ಹೇಳಿ ಎರಡು ಹೆಜ್ಜೆ ಮುಂದೆ ಹೋದವರು ತಾವೇ ನಿಂತರು. ಸಾವಿರದ ಒಂಬೈನೂರಾ ನಲವತ್ತನಾಲ್ಕರಲ್ಲಿ, ದೊಡ್ಡ ಲಡಾಯಿ ನಡೆದಾಗ, ಒಂದು ಸಂಜೆ ಅಂದಾನಪ್ಪ ಜ್ವರ ಬಂದು ಇಪ್ಪತ್ತೇಳನೆಯ ಕುದುರೆಯ ಕೆಳಗೆ ಮಲಗಿಬಿಟ್ಟ. ಪಹರೆಯವನು ಹೆಸರು ಕೂಗಿದಾಗ ಅಂಗಳದಿಂದ ಯಾರೋ ಅವನ ಬದಲು ‘ಹೊರಗ’ ಅಂದರು. ಮರುದಿನವೇ ದಂಡು ಎದ್ದು ಹೋಯಿತು, ಕೋಠಿಗೆ ಮುದ್ರೆ ಬಿತ್ತು. ಹತ್ತೊಂಬತ್ತು ದಿನ ಯಾರೂ ಬಾಗಿಲು ತೆಗೆಯಲಿಲ್ಲ.

“ಅವನ ಚಪ್ಪಲಿ ಮೆಟ್ಟಿಲ ಮ್ಯಾಲ ಇದ್ವು. ಯಾರೂ ನೋಡಲಿಲ್ಲ,” ಎಂದರು ಪಾಂಡಪ್ಪ. “ಹೆಣಾ ಹೊರಗ ಬಂತು. ಮಣ್ಣು ಮಾಡಿದ್ರು. ಹೆಸರು ಮಾತ್ರ ಬರಲಿಲ್ಲ. ನಮ್ಮಪ್ಪ ಸಾಯೂ ಮುಂದ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾನ: ಅಂದಾನಪ್ಪ ‘ಹೊರಗ’ ಅನ್ನೂ ತನಕ ಈ ಬೀಗದಕೈ ಬ್ಯಾರೇದವರ ಕೈಯಾಗ ಹಾಕಬ್ಯಾಡಂತ.”

ತಬಸುಮ ತಮ್ಮ ಚೀಲದ ಬಾಯಿ ಬಿಗಿದರು. ಅದರಲ್ಲಿದ್ದ ಆದೇಶ ನನಗೆ ಗೊತ್ತಿತ್ತು. ಶನಿವಾರ ಸಂಜೆ ಕೋಠಿ ಇಲಾಖೆಯ ವಶ. ಸೋಮವಾರದಿಂದ ಉಕ್ಕಿನ ಗೇಟು, ಬೆರಳಚ್ಚಿನ ಬೀಗ. ಪಾಂಡಪ್ಪನವರ ಕೊರಳಿನಿಂದ ಆ ಕೀಲಿ ಇಳಿಯಲೇಬೇಕು. ಅವರಿಗೂ ಅದು ಗೊತ್ತಿತ್ತು. ಅಪ್ಪನ ಆಣೆಗೆ ಉಳಿದದ್ದು ಐದು ಸಂಜೆ.

ಮಂಗಳವಾರ ಸಂಜೆಯೂ ಮೊದಲ ಹೆಸರು ಅದೇ, ಅದೇ ಕಾಯುವಿಕೆ, ಅದೇ ಉಸಿರು. ನನ್ನ ಸರದಿಗೆ ನಾನು ಮೇಕೆಯಾದೆ: “ಹೊ-ರ-ರ-ರ-ಗ್ಯಾ!” ಬುಧವಾರ ನಮ್ಮ ಪ್ರಿನ್ಸಿಪಾಲರಾದೆ, ಮೂಗಿಗೆ ಎರಡು ಬೆರಳು ಹಿಡಿದು, “ಸದರಿ ವಿದ್ಯಾರ್ಥಿ ಹೊರಗಿದ್ದಾನೆಂದು ಈ ಮೂಲಕ ತಿಳಿಯಪಡಿಸಲಾಗಿದೆ.” ಗೌತಮ ಹೊಟ್ಟೆ ಹಿಡಿದುಕೊಂಡು ನಕ್ಕ. ಪಾಂಡಪ್ಪನವರು ಆ ಸಂಜೆ ನಗಲಿಲ್ಲ. ಅಂದಾನಪ್ಪನ ಹೆಸರನ್ನು ಎರಡು ಸಲ ಕೂಗಿದ್ದರು.

ಗುರುವಾರ ಮೂರು ಸಲ ಕೂಗಿದರು. ಮೂರನೆಯದು ಕೂಗಾಗಿರಲಿಲ್ಲ, ಬೇಡಿಕೆಯಾಗಿತ್ತು. ನಾನು ಅವರ ಬೆನ್ನು ನೋಡುತ್ತ ನಿಂತಿದ್ದೆ. ಅಂಗಿಯ ಹಿಂದೆ ಹೊಲಿದ ತೇಪೆ, ಟೊಪ್ಪಿಗೆಯ ಕೆಳಗೆ ಬೆವೆತ ಕತ್ತು. ಅಯ್ಯೋ ಎನಿಸಿತು. ಎಲ್ಲಿಯವನೋ ಸತ್ತವನು, ಒಂದು ಮಾತು, ಮೂರಕ್ಷರ. ಕಾಲೇಜಿನಲ್ಲಿ ಮೂರು ವರ್ಷ ಗೌತಮನ ಹಾಜರಿ ಕೊಟ್ಟವನಿಗೆ ಇದೊಂದು ಹೆಚ್ಚೇ? ಕನಿಕರವೋ ಚೇಷ್ಟೆಯೋ, ನನ್ನೊಳಗೆ ಎರಡಕ್ಕೂ ಒಂದೇ ಬಾಗಿಲು. ಬಾಯಿ ತೆರೆದೆ. ಅಂದಾನಪ್ಪನ ಧ್ವನಿ ಹೇಗಿತ್ತೆಂದು ಯೋಚಿಸಲಿಲ್ಲ. ಗಂಟಲು ತಾನೇ ಒಂದು ಧ್ವನಿ ಹುಡುಕಿಕೊಂಡಿತು.

“ಹೊರಗ,” ಎಂದೆ. ಅದರ ಹಿಂದೆಯೇ ಒಂದು ಕೆಮ್ಮು ಬಂತು. ಒಣ, ಗಿಡ್ಡ ಕೆಮ್ಮು.

ಆ ಕೆಮ್ಮು ನನ್ನ ಲೆಕ್ಕದಲ್ಲಿರಲಿಲ್ಲ.

ಗೌತಮ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ತಬಸುಮ ಆಗಲೇ ಜೀಪಿನ ಹತ್ತಿರ ಇಳಿದಿದ್ದರು. ಪಾಂಡಪ್ಪ ತಿರುಗಲಿಲ್ಲ. ನಮ್ಮ ಇಬ್ಬರ ಹೆಸರನ್ನೂ ಕೂಗಲಿಲ್ಲ. ಬಹಳ ಹೊತ್ತಿನ ಮೇಲೆ ಎರಡೂ ಕೈಯಿಂದ ಅಗುಳಿ ಇಳಿಸಿದರು. ಆಮೇಲೆ ತಿರುಗಿದ ಮುಖ ನಾನು ಅಲ್ಲಿಯವರೆಗೆ ನೋಡಿದ ಮುಖವಾಗಿರಲಿಲ್ಲ. ಅದರಲ್ಲಿ ಒಬ್ಬ ಚಿಕ್ಕ ಹುಡುಗನಿದ್ದ.

“ಕೇಳಿದ್ರೇನು?” ಎಂದರು. “ಕೆಮ್ಮಿದ. ನಮ್ಮಪ್ಪ ಹೇಳ್ತಿದ್ದ, ಏನ ಮಾತಾಡಿದ್ರೂ ಅಂವಾ ಹಿಂದ ಒಂದು ಕೆಮ್ಮು ಕೆಮ್ಮತಿದ್ದಂತ. ಚರ್ಮದ ಧೂಳಂತ.”

ಗೌತಮ ನೆಲ ನೋಡಿದ. ಹೇಳಿಬಿಡಲು ಅದೇ ಹೊತ್ತು.

“ಕೇಳಿದೆ ಕಾಕಾ,” ಎಂದೆ.

ಕೂಗಿದ್ದು ಆಟ. ಕೇಳಿದೆ ಎಂದದ್ದು ಸುಳ್ಳು.

ಶುಕ್ರವಾರ ಬೆಳಿಗ್ಗೆ ಪಾಂಡಪ್ಪ ಹೊಸ ಧೋತರ ಉಟ್ಟು ಬಂದಿದ್ದರು. ಅಮೀನಗಡದ ಕರದಂಟು ತಂದು ಎಲ್ಲರ ಕೈಗೂ ಇಟ್ಟರು. ನಸುಕಿನಲ್ಲೇ ಕಮತಗಿಗೆ ಹೋಗಿ ಬಂದಿದ್ದರಂತೆ. ಅಲ್ಲಿ ಗುರುಲಿಂಗವ್ವ ಇದ್ದಾಳೆ, ಅಂದಾನಪ್ಪನ ಮಗಳು. ಅಪ್ಪ ಒಳಗೆ ಸಿಕ್ಕಿಬಿದ್ದಾಗ ಅವ್ವನ ಹೊಟ್ಟೆಯಲ್ಲಿದ್ದವಳು. ಈಗ ಎಂಬತ್ತು.

“ಹೇಳಿ ಬಂದೆ, ‘ಯವ್ವಾ, ನಿಮ್ಮಪ್ಪ ಹೊರಗ ಬಿದ್ದ, ಇನ್ನ ಮನೀಗೆ ಬರ್ತಾನ’ ಅಂತ. ಅಂಗಳಾ ಸಾರಿಸಾಕ ಕುಂತಾಳ ನೋಡ್ರಿ, ಮೊಮ್ಮಕ್ಕಳ ಕೈಯಾಗ ಕಸಬರಿಗೀನೂ ಕೊಡವಲ್ಲಳು!”

ನನ್ನ ಪಾಲಿನ ಕರದಂಟನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ. ಗೌತಮ ನನ್ನನ್ನು ಪಕ್ಕಕ್ಕೆ ಎಳೆದ.

“ಹೇಳಿಬಿಡಲೇ.”

“ಏನಂತ ಹೇಳ್ಲಿ? ಖುಷೀಲೆ ಅದಾರು.”

“ಅದಕ್ಕ ಹೇಳು. ಆ ಮುದುಕಿ ಬಾಗಲಾ ತಕ್ಕೊಂಡು ಕುಂತರ?”

“ಸಂಜೀಗೆ ಹೇಳ್ತೇನಿ.”

ಆ ದಿನ ನನ್ನ ಪಾಲಿಗೆ ಉಳಿದದ್ದು ಒಳಕೋಣೆ. ಅಳತೆಯ ಟೇಪಿನ ಒಂದು ತುದಿಯನ್ನು ಇಪ್ಪತ್ತೇಳನೆಯ ಕುದುರೆಗೆ ಸಿಕ್ಕಿಸಿ ಗೋಡೆಯತ್ತ ನಡೆದೆ. ಮಧ್ಯಾಹ್ನದ ಎರಡು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಬಾಗಿದ ಕಿಂಡಿಗಳಿಂದ ಬೂದಿ ಬಣ್ಣದ ಬೆಳಕಷ್ಟೇ ಇಳಿಯುತ್ತಿತ್ತು. ನಾಲ್ಕು ಮೀಟರ್ ಹನ್ನೊಂದು ಎಂದು ಬರೆದುಕೊಳ್ಳುತ್ತಿದ್ದಾಗ ಕಿಂಡಿಯೊಳಗಿಂದ ಒಂದು ಪಿಸುಮಾತು ಬಂತು.

“ಹೊರ‍್ರಗ ಹೊರ‍್ರಗ. ಅಮೀನಗಡ, ಹುನಗುಂದ…”

ಸೋಮವಾರದ ನನ್ನ ಕಂಡಕ್ಟರು. ಗೌತಮ ಆಡಿಸುತ್ತಿದ್ದಾನೆ ಎಂದುಕೊಂಡು ನಗಲು ಹೋದೆ. ಆದರೆ ಗೌತಮನಿಗೆ ಅನುಕರಣೆ ಬಾರದು. ಅವನು ಅವನಂತೆಯೇ ಮಾತಾಡಲು ಕಷ್ಟಪಡುತ್ತಾನೆ. ಕಿಂಡಿ ಸ್ವಲ್ಪ ತಡೆದು, ಮೇಕೆಯಾಯಿತು. “ಹೊ-ರ-ರ-ರ-ಗ್ಯಾ.” ಮತ್ತೆ ತಡೆದು, ಪ್ರಿನ್ಸಿಪಾಲರಾಯಿತು. ಕ್ರಮ ತಪ್ಪಲಿಲ್ಲ, ಒಂದಕ್ಷರ ತಪ್ಪಲಿಲ್ಲ. ಒಂದೇ ವ್ಯತ್ಯಾಸ, ಅದರಲ್ಲಿ ನಗೆಯಿರಲಿಲ್ಲ. ಪಾಠ ಒಪ್ಪಿಸುವ ಮಗುವಿನಂತೆ ಒಂದೊಂದನ್ನೂ ಹೇಳಿ ಮುಗಿಸಿ ಅದು ಸುಮ್ಮನಾಯಿತು, ಇನ್ನೂ ಒಂದು ಕಲಿಯುವುದಿದೆ ಎಂಬಂತೆ.

“ಯಾರದು?” ಎಂದು ಕಿರುಚಿದೆ. ಹೆದರಿದ ಬಾಯಿಗೆ ವೇಷ ಹಾಕಲು ಪುರಸೊತ್ತೆಲ್ಲಿ? ಆ ವಾರದಲ್ಲಿ ಆ ಗೋಡೆಗಳೊಳಗೆ ನಾನು ಸ್ವಂತ ಧ್ವನಿಯಲ್ಲಿ ಕೂಗಿದ್ದು ಅದೇ ಮೊದಲು.

“ಯಾರದು,” ಎಂದಿತು ಕಿಂಡಿ, ಮೆಲ್ಲಗೆ, ನನ್ನ ತೆಳು ಧ್ವನಿಯನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿದ ಹಾಗೆ. “ಯಾರದು. ಯಾರದು. ಯಾರದು.” ನಾಲ್ಕನೆಯ ಸಲಕ್ಕೆ ಅದು ನಾನೇ ಆಗಿತ್ತು. ಆಮೇಲೆ ಒಂದು ಒಣ, ಗಿಡ್ಡ ಕೆಮ್ಮು.

ಟೇಪನ್ನು ಅಲ್ಲೇ ಬಿಟ್ಟು ಓಡಿದೆ.

“ಕಿಂಡಿ ಬಾಗ್ಯಾವಲ್ಲ, ಹೊರಗಿನ ಸಪ್ಪಳಾ ಒಳಗ ಸುತ್ತತೈತಿ,” ಎಂದರು ತಬಸುಮ. “ಇಂಥಾ ಕಟ್ಟಡದಾಗ ಧ್ವನಿ ಮೂರ್ನಾಕು ಸೆಕೆಂಡ್ ನಿಲ್ಲೂದು ಹೊಸಾದಲ್ಲ.”

“ನಾಕು ದಿನ ನಿಲ್ಲತೈತೇನ್ರಿ ಮೇಡಂ?”

ಅವರು ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟರು. ಸಂಜೆ ಪಾಂಡಪ್ಪನವರು ಅಂದಾನಪ್ಪನ ಹೆಸರು ಕೂಗಲಿಲ್ಲ. ಎಂಬತ್ತು ವರ್ಷಗಳಲ್ಲಿ ಮೊದಲ ಸಲ ಸಾಲು ಮೇಡಂ ಹೆಸರಿನಿಂದ ಶುರುವಾಯಿತು. ನನ್ನ ಹೆಸರು ಬಂದಾಗ ಧ್ವನಿಯೇ ಏಳಲಿಲ್ಲ. ಕುಕ್ಕರಿನ ಸೀಟಿಯಂತೆ ಏನೋ ಒಂದು ಸದ್ದು ಮಾಡಿ ಕೈಯೆತ್ತಿದೆ. ಪಾಂಡಪ್ಪನವರು ನಗುತ್ತ ಅಗುಳಿ ಹಾಕಿದರು. ನಾನು ಹೇಳಲಿಲ್ಲ.

ಶನಿವಾರ. ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಐದೂವರೆಗೆ ಕೀಲಿ ಒಪ್ಪಿಸುವುದೆಂದು ತಬಸುಮ ಕಾಗದ ತಂದಿಟ್ಟುಕೊಂಡಿದ್ದರು. ಐದಕ್ಕೆ ನಾನು ಒಂದು ನಿರ್ಧಾರಕ್ಕೆ ಬಂದೆ. ಪಾಂಡಪ್ಪನವರಿಗೆ ಹೇಳುವ ಮುನ್ನ ಇನ್ನೊಬ್ಬನಿಗೆ ಹೇಳಬೇಕಿತ್ತು. ಯಾರ ಹೆಸರು ಹಿಡಿದು ಸುಳ್ಳು ಹಾಜರಿ ಕೊಟ್ಟೆನೋ ಅವನಿಗೆ.

“ಟೇಪು ಒಳಗ ಉಳದೈತಿ, ತರ್ತೇನಿ,” ಎಂದು ಗೌತಮನಿಗೆ ಹೇಳಿ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟೆ. ಹಳೆಯ ಚಪ್ಪಲಿ. ಎಡಗಾಲಿನದರ ಉಂಗುಷ್ಟ ಕಿತ್ತು, ನೀಲಿ ನೈಲಾನ್ ದಾರದಿಂದ ನಾನೇ ಬಿಗಿದುಕೊಂಡಿದ್ದೆ. ಪಾಂಡಪ್ಪನವರು ಕಟ್ಟೆಯ ಮೇಲೆ ಕೂತು ಕೀಲಿಯ ಪಟ್ಟಿ ಒರೆಸುತ್ತಿದ್ದರು, ಹೋಗೆಂದು ತಲೆಯಾಡಿಸಿದರು.

ಕಮಾನುಗಳನ್ನು ಎಣಿಸುತ್ತ ನಡೆದೆ. ಎಡಬಲದ ಬೆನ್ನುಗಳು ಕತ್ತಲೆಯಲ್ಲಿ ಮೇಯುತ್ತ ನಿಂತಂತಿದ್ದವು. ಒಳಕೋಣೆಯಲ್ಲಿ ಇಪ್ಪತ್ತೇಳರ ಮುಂದೆ ನಿಂತಾಗ ಟೇಪು ಕಾಣಿಸಿತು. ನಾನು ಎಳೆದು ಬಿಟ್ಟು ಓಡಿದ್ದ ಟೇಪು ಈಗ ಅಚ್ಚುಕಟ್ಟಾಗಿ ಸುತ್ತಿಕೊಂಡು ಕುದುರೆಯ ಬೆನ್ನ ಮೇಲೆ ಕೂತಿತ್ತು.

“ಅಂದಾನಪ್ಪಜ್ಜಾ,” ಎಂದೆ. ವೇಷವಿಲ್ಲದ ಧ್ವನಿ ನನಗೇ ಬೇರೆಯವರದೆನಿಸಿತು. “ಗುರುವಾರ ಕೂಗಿದಾಂವ ನಾನು. ಆಟಕ್ಕ ಕೂಗಿದೆ. ನೀ ಹೊರಗ ಬಂದಿಲ್ಲ, ನಂಗೊತ್ತೈತಿ. ಕಾಕಾಗ ಹೇಳ್ತೇನಿ. ಮೊದ್ಲಿನಂಗ ನಿನ್ನ ಹೆಸರು ಕೂಗ್ತಾರ.”

ಯಾವ ಕಿಂಡಿಯೂ ಉತ್ತರಿಸಲಿಲ್ಲ. ಕೋಣೆ ಖಾಲಿಯಿತ್ತು. ಖಾಲಿ ಎಂದರೆ ಆರು ದಿನಗಳಲ್ಲಿ ಮೊದಲ ಸಲ ಖಾಲಿ. ಅಲ್ಲಿಯವರೆಗೆ ಅದು ಖಾಲಿಯಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ದೂರ ಬಾಗಿಲಲ್ಲಿ ಪಾಂಡಪ್ಪನವರ ಕೂಗು ಎದ್ದಿತು. “ತಬಸುಮಕ್ಕಾ!” ಅವರ ಉತ್ತರ ಸಣ್ಣದಾಗಿ ಕೇಳಿತು. “ಗೌತಮಾ!” “ಹೊರಗರಿ.” ನಾನು ಹೊರಡಲು ತಿರುಗಿದೆ. ಅವಸರವೇನಿಲ್ಲ, ನಾನು ಅನ್ನುವವರೆಗೆ ಅಗುಳಿ ಬೀಳುವುದಿಲ್ಲವಲ್ಲ.

“ನಾಗಲಿಂಗಾ!”

“ಇಲ್ಲೇ ಒಳಗ…” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಹೊರಗಿನ ಅಂಗಳದಿಂದ, ಬಿಸಿಲಿನಿಂದ, ನನ್ನದೇ ತೆಳು ಧ್ವನಿ ಸ್ಪಷ್ಟವಾಗಿ ಹೇಳಿತು:

“ಹೊರಗ.”

ಬಾಗಿಲಿನ ಬೆಳಕು ಕಿರಿದಾಯಿತು, ಗೆರೆಯಾಯಿತು, ಇಲ್ಲವಾಯಿತು. ಅಗುಳಿ ಬಿದ್ದ ಸದ್ದು ಹನ್ನೆರಡು ಕಮಾನುಗಳ ಕೆಳಗೆ ಉರುಳಿ ಬಂದು ನನ್ನ ಕಾಲಡಿಯ ಹಲಗೆಯಲ್ಲಿ ನಿಂತಿತು.

ಓಡಿದೆ. ಮರದ ಬೆನ್ನುಗಳಿಗೆ ಬಡಿದು ಬಿದ್ದೆ, ಎದ್ದೆ. ಸಾಗವಾನಿ ಬಾಗಿಲಿಗೆ ಎರಡೂ ಮುಷ್ಟಿಯಿಂದ ಗುದ್ದಿದೆ. ನಾಲ್ಕು ಬೆರಳು ದಪ್ಪದ ಹಲಗೆ ನನ್ನ ಗುದ್ದನ್ನೆಲ್ಲ ನುಂಗಿಕೊಂಡಿತು. ಕೂಗಿದೆ, ಕೂಗು ಕಿಂಡಿಗೆ ಹೋಗಿ, ತಿರುವಲಾರದೆ ಕಿಡಿಯಂತೆ ಸತ್ತಿತು. ಕೀಲಿ ತಬಸುಮ ಅವರ ಕೈಗೆ ಹೋದರೆ ಮುಂದಿನ ಸಲ ಬಾಗಿಲು ತೆರೆಯುವುದು ಸೋಮವಾರ. ಅದೂ ಕಂತ್ರಾಟಿನವರು ಬಂದರೆ. ಹತ್ತೊಂಬತ್ತು ದಿನ ಎಂಬ ಮಾತು ತಲೆಯಲ್ಲಿ ಸುತ್ತತೊಡಗಿತು. ಗೌತಮ ಹುಡುಕಲಾರನೇ? ಯಾಕೆ ಹುಡುಕುತ್ತಾನೆ? ನಾನು ಹೊರಗಿದ್ದೇನೆಂದು ಅವನ ಕಿವಿಯೇ ಕೇಳಿದೆ.

ಎಷ್ಟು ಹೊತ್ತಾಯಿತೋ. ಕಂಡಕ್ಟರ್, ಮೇಕೆ, ಪ್ರಿನ್ಸಿಪಾಲ್, ಯಾವುದೂ ನೆನಪಾಗಲಿಲ್ಲ. “ನಾ ಇಲ್ಲೇ ಅದೇನಿ, ನಾ ಇಲ್ಲೇ ಅದೇನಿ” ಎಂದು ಬಾಗಿಲಿಗೆ ಹಣೆ ಹಚ್ಚಿ ಬಡಬಡಿಸುತ್ತಿದ್ದೆ.

ಅಗುಳಿ ಎದ್ದಿತು.

ಪಾಂಡಪ್ಪನವರು ನನ್ನ ರಟ್ಟೆ ಹಿಡಿದು ಹೊರಗೆಳೆದರು. ಗೌತಮ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ನೀ… ನೀ ಈಗ ನನ್ನ ಹಿಂದ ನಿಂತಿದ್ದೆಲ್ಲಲೇ! ನನ್ನ ಹೆಗಲ ಮ್ಯಾಲಿಂದ ‘ಹೊರಗ’ ಅಂದಿ. ಚರ್ಮದ ವಾಸನಿ ಬಂತು, ಮೈತೊಳಕೊಂಡಿಲ್ಲ ಅಂದ್ಕೊಂಡೆ.”

“ನಿಮಗ ಹೆಂಗ ಗೊತ್ತಾತು ಕಾಕಾ?” ಎಂದೆ.

“ಸೀದಾ ಬಂತು,” ಎಂದರು ಪಾಂಡಪ್ಪ. “ಐದು ದಿನದಾಗ ನೀ ಒಂದ ಸಲನೂ ಸೀದಾ ‘ಹೊರಗ’ ಅಂದಾಂವಲ್ಲ. ಇವತ್ತ ಏನೂ ಸ್ವಾಂಗ ಇಲ್ಲದ ಬಂತು. ಕೀಲಿ ಅಕ್ಕಾರ ಕೈಯಾಗ ಇಡಾಕತ್ತಾಂವ, ಕೈ ನಿಂತು ಬಿಡ್ತು. ಇಂವಾ ನಾಗಲಿಂಗ ಅಲ್ಲ ಅನಿಸ್ತು.”

ಇನ್ನು ತಡೆಯಲಾಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಗುರುವಾರ ಕೂಗಿದವನು ನಾನು. ಕೇಳಿದೆ ಎಂದದ್ದೂ ನಾನು. ಪಾಂಡಪ್ಪನವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಪಕ್ಕದಲ್ಲೇ ಕುಸಿದರು.

“ನಮ್ಮಪ್ಪನೂ ಹಿಂಗ ಕುಂತು ಹೇಳಿದ್ದ,” ಎಂದರು ಕಡೆಗೆ. “‘ಆಟಕ್ಕ ಅಂದೆ ಪಾಂಡ್ಯಾ, ಅಂದಾನಿ ಆಗಲೇ ಮನೀಗೆ ಓಡ್ಯಾನ ಅನ್ಕೊಂಡು ಅವನ ಧ್ವನೀಲೆ ಅಂದೆ’ ಅಂತ. ಅವತ್ತ ಅಂಗಳದಾಗ ಕೂಗಿದಾಂವ ನಮ್ಮಪ್ಪ. ಜೀವದ ಗೆಳ್ಯಾರಿದ್ರು. ಅದಕ್ಕ ಈ ಬಾಗಲಾ ಕಾದಾನ, ಸಾಯೂ ತನಕ.”

ಅವರು ಕೀಲಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. “ಅಕ್ಕಾರ, ಇದು ಕೊಡಾಕ ಬರೂದಿಲ್ರಿ. ಬೇಕಾರ ಪೊಲೀಸರನ್ನ ಕರೀರಿ.”

ತಬಸುಮ ಯಾರನ್ನೂ ಕರೆಯಲಿಲ್ಲ. ಅವರ ಕಣ್ಣು ಮೆಟ್ಟಿಲ ಮೇಲಿತ್ತು. “ನಾಗಲಿಂಗ, ನಿನ್ನ ಚಪ್ಪಲಿ ಎಲ್ಲಿ?”

ಇರಲಿಲ್ಲ. ಮೂರು ಜೊತೆಯ ಪಕ್ಕದಲ್ಲಿ ನಾನು ಬಿಟ್ಟಿದ್ದ ಜಾಗ ಬೋಳಾಗಿತ್ತು. ಅಲ್ಲಿಂದ ಉದುರಿದ ಸುಣ್ಣದ ಪುಡಿಯ ಮೇಲೆ ಚಪ್ಪಲಿಯ ಗುರುತು ಗುಡ್ಡದ ಕೆಳಗೆ, ಕಮತಗಿಯ ಕಾಲುದಾರಿ ಹಿಡಿದು ಇಳಿದಿತ್ತು. ಒಂದೇ ಕಡೆಗೆ.

ಪಾಂಡಪ್ಪನವರು ಅದನ್ನು ನೋಡುತ್ತ ಎದ್ದು ನಿಂತರು. “ಗಾಡಿ ತಗೀರಿ ಅಕ್ಕಾರ,” ಎಂದರು.

ಕಮತಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನೇಕಾರರ ಓಣಿಯಲ್ಲಿ ಮಗ್ಗಗಳು ಆಗಷ್ಟೇ ನಿಂತಿದ್ದವು. ಇಷ್ಟು ಹೊತ್ತು ಅವುಗಳ ಬಡಿತಕ್ಕೆ ಒಗ್ಗಿದ್ದ ಗಾಳಿ ಸುಮ್ಮನಿರಲು ಇನ್ನೂ ಕಲಿತಿರಲಿಲ್ಲ. ಗುರುಲಿಂಗವ್ವನ ಮನೆಯ ಅಂಗಳ ಸಾರಿಸಿ, ರಂಗೋಲಿ ಹಾಕಿತ್ತು. ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲ ಹೊರಗೆ ಒಂದು ಜೊತೆ ಚಪ್ಪಲಿ, ಬೆರಳ ತುದಿ ಮನೆಯ ಕಡೆಗೆ, ಜೋಡಿಸಿ ಬಿಟ್ಟಂತಿದ್ದವು.

ನನ್ನವೇ. ಬಗ್ಗಿ ಎಡಗಾಲಿನದನ್ನು ಮುಟ್ಟಿದೆ. ನೀಲಿ ನೈಲಾನ್ ದಾರ ಇರಲಿಲ್ಲ. ಉಂಗುಷ್ಟವನ್ನು ಬಿಚ್ಚಿ, ಮೇಣ ಹಚ್ಚಿದ ಕಪ್ಪು ದಾರದಿಂದ ಮತ್ತೆ ಹೊಲಿದಿತ್ತು. ಎರಡು ಸೂಜಿಯ ಹೊಲಿಗೆ. ಪಾಂಡಪ್ಪನವರು ಕೊರಳಿನ ಪಟ್ಟಿಯನ್ನು ಅದರ ಪಕ್ಕ ಹಿಡಿದರು. ಎರಡೂ ಒಂದೇ ಕೈಯ ಹೊಲಿಗೆ.

ರೂಢಿಯಂತೆ ಹೆಸರು ಕೂಗಲು ಅವರು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಗುರುಲಿಂಗವ್ವ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಖಾಲಿ ತಾಟು. ಎಂಬತ್ತರ ಮುದುಕಿಯ ಮುಖದಲ್ಲಿ ಅವ್ವನ ಗಡಿಬಿಡಿಯಿತ್ತು.

“ಯಾರದು, ಪಾಂಡಣ್ಣೇನು? ಸಣ್ಣಾಗಿ ಮಾತಾಡೋ ಯಪ್ಪಾ,” ಎಂದಳು, ತುಟಿಗೆ ಬೆರಳಿಟ್ಟು. “ರೊಟ್ಟಿ ತಿಂದು ಈಗರ ಕಣ್ಣು ಮುಚ್ಚ್ಯಾನ.”

ಒಳಗೆ, ಕತ್ತಲೆಯಲ್ಲಿ, ಯಾರೋ ನಿದ್ದೆಯಲ್ಲಿ ಕೆಮ್ಮಿದರು. ಒಣ, ಗಿಡ್ಡ ಕೆಮ್ಮು.

ಪಾಂಡಪ್ಪನವರು ಟೊಪ್ಪಿಗೆ ತೆಗೆದರು. ಕೊರಳಿನಿಂದ ಕೀಲಿ ಬಿಚ್ಚಿ, ಪಟ್ಟಿಯ ಸಮೇತ, ತಬಸುಮ ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಚಪ್ಪಲಿ?” ಎಂದ ಗೌತಮ, ಪಿಸುಗುಟ್ಟಿ.

“ಇರ್ಲಿ ಬಿಡು,” ಎಂದೆ, ನನ್ನ ಧ್ವನಿಯಲ್ಲೇ. “ಮುಂಜಾನೆ ಎದ್ದ ಮ್ಯಾಲ ಬೇಕಾಗ್ತಾವು.”